ವೃದ್ಧಾಪ್ಯದ ದೀರ್ಘಾವಧಿ ಅಧ್ಯಯನಗಳು: ಕರ್ನಾಟಕ

ಒಂದೇ ಗುಂಪಿನ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ, ಮುಪ್ಪು ಹೇಗೆ ಬರುತ್ತದೆಂದು ತಿಳಿಯುವ ಸಂಶೋಧನೆ. ಇಂದಿನ ಮೂವತ್ತರವರನ್ನೂ ಎಪ್ಪತ್ತರವರನ್ನೂ ಅಕ್ಕಪಕ್ಕ ಕೂರಿಸಿ ಹೋಲಿಸಿದರೆ ಸಾಲದು. ಅವರು ಉಂಡ ಅನ್ನ, ಕಂಡ ಬರ, ಕಲಿತ ಶಾಲೆ ಎಲ್ಲವೂ ಬೇರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1958ರಲ್ಲಿ ಆರಂಭವಾದ ಅಧ್ಯಯನ ಈ ಕ್ಷೇತ್ರದ ಹಳೆಯ ಅಧ್ಯಯನಗಳಲ್ಲಿ ಒಂದು. ಅದಕ್ಕೆ ಮಹಿಳೆಯರನ್ನು ಸೇರಿಸಿಕೊಂಡದ್ದು 1978ರಲ್ಲಿ.

ಕರ್ನಾಟಕದಲ್ಲಿ ಇಂಥ ಸಂಶೋಧನೆಯ ಬೇರು ಹೆರಿಗೆ ವಾರ್ಡಿನಲ್ಲಿದೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಬರೆದವರಿಗೆ ಅದು ದಿನದ ಕೆಲಸ. ವಿಜ್ಞಾನಕ್ಕೆ ಅದೇ ನಿಧಿಯಾಯಿತು. ಹುಟ್ಟುವಾಗಲೇ ಸೊರಗಿದ ಮಕ್ಕಳಿಗೆ ಮುಂದೆ ಹೃದ್ರೋಗ ಹೆಚ್ಚು ಎಂದು ವಾದಿಸಿದ್ದ ಬ್ರಿಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಇಲ್ಲಿನ ವೈದ್ಯರೊಡನೆ ಕೂಡಿ ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿತು. ಹಳೆಯ ದಾಖಲೆಯನ್ನೂ ಎದುರಿಗೆ ನಿಂತ ಮನುಷ್ಯನನ್ನೂ ತಾಳೆ ನೋಡುವುದು ತಾಳ್ಮೆ ಬೇಡುವ ಕೆಲಸ. 1934ರಿಂದ 1954ರ ನಡುವೆ ಹುಟ್ಟಿದ 517 ಜನರ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಮೂರು ಕಿಲೋಗಿಂತ ಹೆಚ್ಚಿದ್ದ ಗುಂಪಿನಲ್ಲಿ ಶೇ. 3ರಷ್ಟು. ಗರ್ಭದಲ್ಲಿನ ಬೆಳವಣಿಗೆ ಮಗುವಿನ ಮುಪ್ಪಿಗೂ ಸಂಬಂಧಿಸಿದ್ದೆಂಬ ಮಾತಿಗೆ ನಮ್ಮ ನೆಲದಲ್ಲೇ ಆಧಾರ ದೊರೆತದ್ದು ಹೀಗೆ. ಮುಂದೆ ಇದೇ ಗುಂಪಿನ ಹಿರಿಯರ ನೆನಪಿನ ಶಕ್ತಿ, ಖಿನ್ನತೆಗಳನ್ನೂ ಪರೀಕ್ಷಿಸಲಾಯಿತು.

ರಾಷ್ಟ್ರಮಟ್ಟದಲ್ಲಿ ನಡೆಯುವ ‘ಲಾಸಿ’ (ಭಾರತದ ವೃದ್ಧಾಪ್ಯದ ದೀರ್ಘಾವಧಿ ಅಧ್ಯಯನ) ಎಂಬ ಸಮೀಕ್ಷೆಯ ಪ್ರಾಯೋಗಿಕ ಸುತ್ತು 2010ರಲ್ಲಿ ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017–18ರ ಮೊದಲ ಪೂರ್ಣ ಸುತ್ತಿನಲ್ಲಿ ದೇಶದ 72,000ಕ್ಕೂ ಹೆಚ್ಚು ಜನರಿದ್ದರು.

ಹಳ್ಳಿಯ ಮಟ್ಟಿಗೆ ಮುಖ್ಯವಾದದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಿದುಳಿನ ಮುಪ್ಪನ್ನೂ ಮರೆವನ್ನೂ ಗಮನಿಸುವ ಅಧ್ಯಯನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಇದನ್ನು 2018ರಲ್ಲಿ ಆರಂಭಿಸಿತು. ವಿಜಯಲಕ್ಷ್ಮಿ ರವೀಂದ್ರನಾಥ್ ಕೇಂದ್ರದ ಸ್ಥಾಪಕ ನಿರ್ದೇಶಕಿ. ಮಾವಿಗೆ ಹೆಸರಾದ ಈ ಸೀಮೆಯಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಳ್ಳುವುದು ಗುರಿ. ಅಕ್ಷರ ಕಲಿಯದ ರೈತ ಮಹಿಳೆಯ ಮುಂದೆ ಕಾಗದ ಪೆನ್ಸಿಲ್ ಇಟ್ಟು ಮರೆವನ್ನು ಅಳೆಯಲಾಗದು. ಓದಿದವರಿಗಾಗಿ ಪರದೇಶದಲ್ಲಿ ರೂಪಿಸಿದ ಪರೀಕ್ಷೆಗಳು ಅವಳನ್ನು ಸುಮ್ಮನೆ ರೋಗಿಯೆಂದು ತೋರಿಸಿಬಿಡಬಹುದು. ಈ ಕಾರಣಕ್ಕೇ ಶ್ರೀನಿವಾಸಪುರದ ಕೆಲಸಕ್ಕೆ ನಗರದ ಯಾವ ಅಧ್ಯಯನವೂ ಬದಲಿಯಾಗಲಾರದು.