ವಿರಾರ್ ಲೋಕಲಿನ ದಾರಿಯಲ್ಲಿ ಅಶೋಕನ ಊರು

ನಮ್ಮ ಕೇಳುಗರಲ್ಲಿ ಎಷ್ಟು ಮಂದಿ ನಾಲಾಸೋಪಾರದಲ್ಲಿದ್ದೀರಿ? ನೀವಿಲ್ಲದಿದ್ದರೆ ನಿಮ್ಮ ತಮ್ಮನೋ ನಾದಿನಿಯೋ, ಊರ ಕಡೆಯ ನೆಂಟರೋ ಅಲ್ಲಿ ಇದ್ದೇ ಇರುತ್ತಾರೆ. ಫೋರ್ಟಿನಲ್ಲಿ ದುಡಿಮೆ, ಮನೆ ಮಾತ್ರ ಐವತ್ತು ಕಿಲೋಮೀಟರಿಗೂ ಆಚೆ. ಬೆಳಗ್ಗೆ ಐದಕ್ಕೆ ಎದ್ದು ಚರ್ಚ್‌ಗೇಟ್ ಗಾಡಿ ಹಿಡಿಯುವ ಜನ. "ಎಲ್ಲಿ ಮನೆ?" ಎಂದು ಯಾರಾದರೂ ಕೇಳಿದರೆ "ಅಯ್ಯೋ, ದೂರ, ನಾಲಾಸೋಪಾರ" ಎಂದು ತುಸು ಸಂಕೋಚದಿಂದಲೇ ಹೇಳುತ್ತಾರೆ. ಅಗ್ಗದ ಫ್ಲಾಟು, ನೀರಿನ ಟ್ಯಾಂಕರು, ಮಳೆಗಾಲದಲ್ಲಿ ಮುಳುಗುವ ಹಳಿ, ಇಷ್ಟೇ ಆ ಊರಿನ ಹೆಸರಿಗೆ ಅಂಟಿಕೊಂಡಿರುವ ಸಂಗತಿಗಳು.

ಈ ಸಲ ಆ ಸಂಕೋಚ ಬಿಡೋಣ. ಮುಂಬಯಿ ಏಳು ನಡುಗಡ್ಡೆಗಳಾಗಿ ಮೀನುಗಾರರ ಗುಡಿಸಲುಗಳನ್ನು ಹೊತ್ತು ನಿಂತಿದ್ದ ಕಾಲಕ್ಕೆ ಲೋಕವೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ಪಟ್ಟಣ ಅದು.

ಮೊರದ ಹೆಸರಿನ ಊರು

ಸೋಪಾರದ ಹಳೆಯ ಹೆಸರು ಶೂರ್ಪಾರಕ. ಶೂರ್ಪ ಎಂದರೆ ಮೊರ, ತುಳುವರ ತಡ್ಪೆ. ಪರಶುರಾಮ ಗೆದ್ದ ಭೂಮಿಯನ್ನೆಲ್ಲ ದಾನ ಮಾಡಿ, ತನಗೆ ನಿಲ್ಲಲು ನೆಲವಿಲ್ಲದೆ ಬಂದಾಗ ಸಮುದ್ರ ಅವನಿಗಾಗಿ ಶೂರ್ಪಾರಕವೆಂಬ ನೆಲವನ್ನು ಬಿಟ್ಟುಕೊಟ್ಟಿತು ಎಂದು ಮಹಾಭಾರತದ ಶಾಂತಿಪರ್ವ ಹೇಳುತ್ತದೆ. ನಮ್ಮ ಕರಾವಳಿಯ ಹಿರಿಯರು "ಪರಶುರಾಮ ಸೃಷ್ಟಿ" ಎಂದು ಹೇಳುವ ಕಥೆ ಇದೇ ಅಲ್ಲವೇ? ಮಂಗಳೂರು, ಉಡುಪಿಯಿಂದ ಗಂಟುಮೂಟೆ ಕಟ್ಟಿ ಬಂದು ನಾಲಾಸೋಪಾರದಲ್ಲಿ ನೆಲೆ ನಿಂತವರು ಒಂದು ಬಗೆಯಲ್ಲಿ ಅದೇ ಪರಶುರಾಮನ ನೆಲದ ಈ ತುದಿಗೆ ಬಂದಿದ್ದಾರೆ, ಅಷ್ಟೇ.

ಪುರಾಣ ಬದಿಗಿರಲಿ. ಸಿಂಹಳದ ಮಹಾವಂಸದಲ್ಲಿ ರಾಜಕುಮಾರ ವಿಜಯ ಲಂಕೆ ಸೇರುವ ಮೊದಲು ಹಡಗು ಹಚ್ಚಿದ್ದು ಸುಪ್ಪಾರಕದಲ್ಲಿ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಕಡಲಯಾನದ ಕೈಪಿಡಿ 'ಪೆರಿಪ್ಲಸ್' ಭರೂಚ್ ಮತ್ತು ಕಲ್ಯಾಣದ ನಡುವಿನ ಬಂದರುಗಳಲ್ಲಿ ಇದನ್ನು ಎಣಿಸುತ್ತದೆ. ಮುಂದಿನ ಶತಮಾನದಲ್ಲಿ ಟಾಲೆಮಿ 'ಸೌಪಾರ' ಎಂದು ಬರೆದ.

ಈ ಊರಿನ ಸಾಮಾನ್ಯ ಜನರೂ ಕಲ್ಲಿನ ಮೇಲೆ ಹೆಸರು ಉಳಿಸಿ ಹೋಗಿದ್ದಾರೆ. ಕಾರ್ಲೆಯ ಚೈತ್ಯದಲ್ಲಿ ಒಂದು ಕಂಬ ಸೋಪಾರದ ಸಾತಿಮಿತನ ದಾನ. ನಾಣೇಘಾಟಿನಲ್ಲಿ ದಾರಿಹೋಕರಿಗೆ ನೀರಿನ ತೊಟ್ಟಿ ಕೊರೆಯಿಸಿದವನು ಸೋಪಾರದ ಗೋವಿಂದದಾಸ. ಕ್ಷತ್ರಪ ನಹಪಾನನ ಅಳಿಯ ಉಷವದಾತ ಪ್ರಯಾಣಿಕರಿಗಾಗಿ ಛತ್ರ ಕಟ್ಟಿಸಿದ ಊರುಗಳಲ್ಲಿ ಶೂರ್ಪಾರಕವೂ ಒಂದು ಎಂದು ನಾಸಿಕದ ಗುಹಾಶಾಸನ ಹೇಳುತ್ತದೆ. ಹಡಗಿನಿಂದ ಇಳಿದ ಸರಕು ಎತ್ತುಗಳ ಬೆನ್ನೇರಿ ಘಟ್ಟ ಹತ್ತಿ ದಖ್ಖನಿಗೆ ಹೋಗುತ್ತಿದ್ದ ದಾರಿಯುದ್ದಕ್ಕೂ ಈ ಊರಿನವರ ಹೆಸರು ಸಿಗುತ್ತದೆ.

1882ರ ಬೇಸಿಗೆ

ಸ್ಟೇಷನ್ನಿನ ಪಶ್ಚಿಮಕ್ಕೆ, ಹಳೆಯ ಸೋಪಾರ ಗ್ರಾಮದ ಬಳಿ ಒಂದು ದಿಬ್ಬವಿತ್ತು. ಊರವರು ಅದನ್ನು 'ಬುರುಡ್ ರಾಜಾಚೆ ಕೋಟ್' ಎನ್ನುತ್ತಿದ್ದರು. ಬುರುಡ ಎಂದರೆ ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವವನು, ನಮ್ಮ ಮೇದರವನು. ಮೊರದ ಹೆಸರಿನ ಊರಿಗೆ ಮೊರ ಹೆಣೆಯುವವನೇ ರಾಜ! ಜನರ ನೆನಪು ಇತಿಹಾಸವನ್ನು ಹೀಗೂ ಕಾಪಿಡುತ್ತದೆ.

1882ರ ಏಪ್ರಿಲ್‌ನಲ್ಲಿ ಜುನಾಗಢದ ವಿದ್ವಾಂಸ ಪಂಡಿತ ಭಗವಾನ್‌ಲಾಲ್ ಇಂದ್ರಜಿ, ಬಾಂಬೆ ಗೆಜೆಟಿಯರಿನ ಸಂಪಾದಕ ಜೇಮ್ಸ್ ಕ್ಯಾಂಬೆಲ್ ಜೊತೆಗೂಡಿ ಆ ದಿಬ್ಬ ಅಗೆಯಿಸಿದರು. ಒಳಗಿದ್ದುದು ಕೋಟೆಯಾಗಿರಲಿಲ್ಲ, ಇಟ್ಟಿಗೆಯ ಬೌದ್ಧ ಸ್ತೂಪ. ನಡುಮಧ್ಯದಲ್ಲಿ ದುಂಡನೆಯ ಕಲ್ಲಿನ ದೊಡ್ಡ ಕರಂಡಕ. ಅದರೊಳಗೆ ತಾಮ್ರದ ಡಬ್ಬಿ. ಆ ಡಬ್ಬಿಯ ಸುತ್ತ ಕುಳಿತ ಭಂಗಿಯ ಎಂಟು ಪುಟ್ಟ ಕಂಚಿನ ಮೂರ್ತಿಗಳು: ಆಗಿಹೋದ ಏಳು ಬುದ್ಧರು, ಬರಲಿರುವ ಮೈತ್ರೇಯ. ತಾಮ್ರದೊಳಗೆ ಬೆಳ್ಳಿ, ಬೆಳ್ಳಿಯೊಳಗೆ ಕಲ್ಲು, ಅದರೊಳಗೆ ಸ್ಫಟಿಕ, ಕೊನೆಗೆ ಚಿನ್ನದ ಡಬ್ಬಿ. ಚಿನ್ನದ ಡಬ್ಬಿಯಲ್ಲಿದ್ದುದು ಮಣ್ಣಿನ ಪಾತ್ರೆಯ ಕೆಲವು ಚೂರು. ಬುದ್ಧನ ಭಿಕ್ಷಾಪಾತ್ರೆಯದೆಂದು ನಂಬಿ ಇಟ್ಟವು. ಐದು ಡಬ್ಬಿಗಳ ಒಳಗೆ, ಚಿನ್ನದ ಹೂವುಗಳ ನಡುವೆ, ಒಡೆದ ಮಡಕೆಯ ಚೂರು! ಅದನ್ನು ಇಟ್ಟವರ ಮನಸ್ಸು ಎಂಥದಿರಬೇಕು ಎಂದು ನೀವೇ ಯೋಚಿಸಿ.

ಅಲ್ಲೇ ಸಿಕ್ಕ ಬೆಳ್ಳಿ ನಾಣ್ಯ ಶಾತವಾಹನ ಅರಸ ಯಜ್ಞಶ್ರೀ ಶಾತಕರ್ಣಿಯದು, ಎರಡನೆಯ ಶತಮಾನದ್ದು. ಕಂಚಿನ ಮೂರ್ತಿಗಳು ಮಾತ್ರ ಎಂಟು-ಒಂಬತ್ತನೆಯ ಶತಮಾನದವು ಎಂದು ವಿದ್ವಾಂಸರ ಅಂದಾಜು. ಅಂದರೆ ಆರೇಳು ನೂರು ವರ್ಷಗಳ ನಂತರ ಯಾರೋ ಆ ಸ್ತೂಪವನ್ನು ತೆರೆದು, ಮೂರ್ತಿಗಳನ್ನಿಟ್ಟು, ಮತ್ತೆ ಭದ್ರವಾಗಿ ಮುಚ್ಚಿದ್ದಾರೆ. ಕರಂಡಕ ಮತ್ತು ಅದರೊಳಗಿನ ವಸ್ತುಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿ ಸೇರಿದವು.

ಅದೇ ವರ್ಷ ಇಂದ್ರಜಿಯವರಿಗೆ ಇನ್ನೂ ದೊಡ್ಡದೊಂದು ಸಿಕ್ಕಿತು: ಬ್ರಾಹ್ಮಿ ಅಕ್ಷರಗಳಿದ್ದ ಒಡೆದ ಕಲ್ಲು. ಅದು ಅಶೋಕ ಚಕ್ರವರ್ತಿಯ ಎಂಟನೆಯ ಶಿಲಾಶಾಸನದ ತುಂಡು. 1956ರಲ್ಲಿ ಪಕ್ಕದ ಭುಯಿಗಾಂವ್‌ನಲ್ಲಿ ಒಂಬತ್ತನೆಯ ಶಾಸನದ ತುಂಡೂ ದೊರೆಯಿತು. ಹದಿನಾಲ್ಕೂ ಇಲ್ಲೇ ಇದ್ದಿರಬೇಕು. ಮಸ್ಕಿ, ಬ್ರಹ್ಮಗಿರಿ, ಸನ್ನತಿಗಳ ಅಶೋಕನ ಶಾಸನಗಳನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅವುಗಳ ಒಡಹುಟ್ಟಿದ ಕಲ್ಲು ವಿರಾರ್ ಲೋಕಲಿನ ದಾರಿಯಲ್ಲೇ ಇತ್ತೆಂಬುದು ನಮಗೆ ಹೊಳೆಯುವುದೇ ಇಲ್ಲ.

ಕನ್ನಡದ ನಂಟು

ಒಂಬತ್ತನೆಯ ಶತಮಾನದಲ್ಲಿ ಈ ಕೊಂಕಣ ಯಾರ ಕೈಯಲ್ಲಿತ್ತು ಗೊತ್ತೇ? ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಕೈಯಲ್ಲಿ. 'ಕವಿರಾಜಮಾರ್ಗ'ದ ಅಮೋಘವರ್ಷ ನೃಪತುಂಗನ ಹೆಸರು ಬೊರಿವಲಿಯ ಕಾಣ್ಹೇರಿ ಗುಹೆಗಳ ಗೋಡೆಯ ಮೇಲಿದೆ. ಶಕ 775 ಮತ್ತು 799ರ, ಅಂದರೆ ಸುಮಾರು ಕ್ರಿ.ಶ. 853 ಮತ್ತು 877ರ ಶಾಸನಗಳು ಅವು. ಅವನ ಕೆಳಗೆ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಈ ಮನೆತನದ ಬಿರುದುಗಳಲ್ಲಿ ಕನ್ನಡದ ಪದಗಳು ಹಣಿಕಿ ಹಾಕುತ್ತವೆ.

ಹತ್ತನೆಯ ಶತಮಾನದಲ್ಲಿ ಬಂದ ಅರಬ್ ಪ್ರವಾಸಿ ಅಲ್ ಮಸೂದಿ ಒಂದು ಸೊಗಸಾದ ವಿವರ ಕೊಡುತ್ತಾನೆ. ಬಲ್ಹಾರ ರಾಜನ ರಾಜಧಾನಿ ಮಾನ್ಕೀರಿನಲ್ಲಿ ಜನ 'ಕೀರಿಯ' ಭಾಷೆ ಆಡುತ್ತಾರೆ, ಕರಾವಳಿಯ ಸೈಮೂರ್, ಸುಬಾರ, ತಾಣಾಗಳಲ್ಲಿ 'ಲಾರಿಯ' ಭಾಷೆ ಎಂದು. ಮಾನ್ಕೀರ್ ಎಂದರೆ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸುಬಾರ ನಮ್ಮ ಸೋಪಾರ, ತಾಣಾ ಇಂದಿನ ಠಾಣೆ. ಆ 'ಕೀರಿಯ'ವನ್ನು ಕನ್ನಡವೆಂದೇ ಗುರುತಿಸಿದ ವಿದ್ವಾಂಸರಿದ್ದಾರೆ. ಒಂದು ಸಾವಿರ ವರ್ಷದ ಹಿಂದೆಯೇ ಪರದೇಶದವನೊಬ್ಬ ಕಲಬುರಗಿಯನ್ನೂ ನಾಲಾಸೋಪಾರವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ!

ಬಂದರು ಮುಗಿಯಿತು, ಹಳ್ಳಿ ಉಳಿಯಿತು

ಇಂಥ ಊರು ಸೊರಗಿದ್ದು ಯಾವ ಯುದ್ಧದಿಂದಲೂ ಅಲ್ಲ. ವಸಯಿ ಖಾರಿ ಮತ್ತು ವೈತರಣಾ ನದಿಯ ನಡುವಿನ ಕೊಲ್ಲಿಯಲ್ಲಿ ಹೂಳು ತುಂಬುತ್ತ ಬಂತು. ಹಡಗುಗಳು ಠಾಣೆಗೆ, ಚೌಲಕ್ಕೆ ತಿರುಗಿದವು. 1534ರಲ್ಲಿ ವಸಯಿ ಪೋರ್ಚುಗೀಸರ ಪಾಲಾಯಿತು, 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದುಕೊಂಡ. ಅಷ್ಟರಲ್ಲಿ ಸೋಪಾರ ತನ್ನ ಪಾಡಿಗೆ ಕೃಷಿಕರ ಹಳ್ಳಿಯಾಗಿತ್ತು.

ಆ ಹಳ್ಳಿತನವೂ ಒಂದು ಆಸ್ತಿಯೇ. ನಾಳೆ, ಗಾಸ್, ನಿರ್ಮಳ, ಭುಯಿಗಾಂವ್ ಕಡೆ ಹೋದರೆ ಬಾಳೆ, ಹೂವು, ವೀಳ್ಯದೆಲೆಯ ವಾಡಿಗಳ ಗುರುತು ಇನ್ನೂ ಸಿಗುತ್ತದೆ. ಈ ಕಡೆಯ ರಾಜೇಳಿ ಬಾಳೆಯನ್ನು ಒಣಗಿಸಿ ಮಾಡುವ ತಿನಿಸಿಗೆ ಸುಕೇಳಿ ಎಂದು ಹೆಸರು. ಯಲ್ಲಾಪುರ, ಶಿರಸಿಯವರು ಈ ಹೆಸರು ಕೇಳಿದರೆ ತಟ್ಟನೆ ಕಿವಿ ನಿಮಿರಿಸುತ್ತಾರೆ. ಇಲ್ಲಿನ ಸಾಮವೇದಿ ಬ್ರಾಹ್ಮಣರೂ ಕುಪಾರಿ ಕ್ರೈಸ್ತರೂ ಆಡುವುದು ಒಂದೇ ಸಾಮವೇದಿ ನುಡಿ. ನಿರ್ಮಳದ ಕೆರೆಯ ಬಳಿ ಶಂಕರಾಚಾರ್ಯರ ಸಮಾಧಿ ಮಂದಿರವಿದೆ, ಕಾರ್ತಿಕದಲ್ಲಿ ಜಾತ್ರೆ ಸೇರುತ್ತದೆ. ಅದೇ ಊರಿನಲ್ಲಿ ಇಗರ್ಜಿಯೂ ಇದೆ. ಸೋಪಾರದ ಚಕ್ರೇಶ್ವರ ಕೆರೆಯ ದಂಡೆಯ ಗುಡಿಯಲ್ಲಿ ಹಳೆಯ ಕಾಲದ ಬ್ರಹ್ಮನ ಮೂರ್ತಿಯನ್ನು ನೋಡಬಹುದು.

ಕಳೆದ ನಲವತ್ತು ವರ್ಷಗಳಲ್ಲಿ ಚಿತ್ರ ಬದಲಾಯಿತು. ವಾಡಿಗಳು ಕಟ್ಟಡಗಳಾದವು, ಬಾವಿಯ ನೀರು ಟ್ಯಾಂಕರ್ ಏರಿತು. ಇದನ್ನು ಎದುರಿಸಿ ಮರಾಠಿ ಲೇಖಕ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಅವರ ಮುಂದಾಳತ್ವದಲ್ಲಿ 'ಹರಿತ ವಸಯಿ' ಚಳವಳಿ ನಡೆಯಿತು. 2009ರಲ್ಲಿ ನಾಲಾಸೋಪಾರ ನಗರಪರಿಷತ್ತು ವಸಯಿ-ವಿರಾರ್ ಮಹಾನಗರಪಾಲಿಕೆಯಲ್ಲಿ ಸೇರಿಹೋಯಿತು. ನಮ್ಮನ್ನು ಶಹರಕ್ಕೆ ಸೇರಿಸಬೇಡಿ ಎಂದು ಸುತ್ತಲಿನ ಹಳ್ಳಿಗಳು ವರ್ಷಗಟ್ಟಲೆ ಹೋರಾಡಿದವು. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 12 ಲಕ್ಷ ದಾಟಿತ್ತು. 2014ರಲ್ಲಿ ಊರು ಠಾಣೆಯಿಂದ ಹೊಸ ಪಾಲ್ಘರ್ ಜಿಲ್ಲೆಗೆ ಹೋಯಿತು.

ಇಲ್ಲೊಂದು ಕಹಿ ಸತ್ಯವಿದೆ. ವಾಡಿ ಅಳಿದು ಎದ್ದ ಆ ಕಟ್ಟಡಗಳಲ್ಲಿ ಮನೆ ಮಾಡಿದವರಲ್ಲಿ ನಾವೂ ಇದ್ದೇವೆ. ಚಾಳಿನ ಒಂದು ಖೋಲಿಯಿಂದ ಎರಡು ಕೋಣೆಯ ಸ್ವಂತ ಮನೆಗೆ ಬಂದದ್ದು ನಮ್ಮ ತಪ್ಪೇನಲ್ಲ. ಈ ಊರು ಯಾವತ್ತೂ ಹೊರಗಿನಿಂದ ಬಂದವರದೇ. ಗ್ರೀಕರು, ಅರಬರು, ಭಿಕ್ಷುಗಳು, ಮಳಖೇಡದ ಅಧಿಕಾರಿಗಳು ಎಲ್ಲರೂ ಬಂದರು. ಆದರೆ ಬಂದವರು ಏನನ್ನು ಬಿಟ್ಟು ಹೋದರು? ಒಬ್ಬ ನೀರಿನ ತೊಟ್ಟಿ ಕೊರೆಯಿಸಿದ, ಒಬ್ಬ ಛತ್ರ ಕಟ್ಟಿಸಿದ, ಇನ್ನಾರೋ ಹಳೆಯ ಸ್ತೂಪವನ್ನು ಜೋಪಾನ ಮಾಡಿದರು. ನಾವು ಏನು ಮಾಡಿದ್ದೇವೆ ಎಂಬ ಪ್ರಶ್ನೆ ನಮ್ಮ ಬಾಗಿಲಲ್ಲಿ ನಿಂತಿದೆ. ಸ್ತೂಪ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ಕಾನೂನಿನಂತೆ ಅದರ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಕಾನೂನು ಕಾಗದದ ಮೇಲಿರುತ್ತದೆ, ಕಾಯುವ ಕಣ್ಣು ನೆರೆಹೊರೆಯವರದು.

ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡಿ. ನಾಲಾಸೋಪಾರ ಪಶ್ಚಿಮದಲ್ಲಿ ಇಳಿದು ಆಟೋದವನಿಗೆ "ಬೌದ್ಧ ಸ್ತೂಪ" ಎಂದರೆ ಸಾಕು. ಇನ್ನೊಂದು ರಜೆಗೆ ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಹೋಗಿ ಸೋಪಾರದ ಅಶೋಕ ಶಾಸನವನ್ನು ತೋರಿಸಿ. ಅಂದಹಾಗೆ, ಆ ಎಂಟನೆಯ ಶಾಸನದ ತಿರುಳೇನು ಗೊತ್ತೇ? ಹಿಂದಿನ ರಾಜರು ಬೇಟೆ, ವಿನೋದಕ್ಕೆಂದು ಯಾತ್ರೆ ಹೊರಡುತ್ತಿದ್ದರು, ತಾನು ಹೊರಡುವುದು ಧರ್ಮಯಾತ್ರೆ ಎಂದು ಅಶೋಕ ಹೇಳುತ್ತಾನೆ. ಹಿರಿಯರನ್ನು ಕಾಣುವುದು, ದಾನ ಕೊಡುವುದು, ಹಳ್ಳಿಗಾಡಿನ ಜನರನ್ನು ಭೇಟಿಯಾಗಿ ಮಾತಾಡುವುದು ಅವನ ಯಾತ್ರೆಯ ಕೆಲಸ. ಅದರಲ್ಲೇ ತನಗೆ ಹೆಚ್ಚಿನ ಸಂತೋಷ ಎನ್ನುತ್ತಾನೆ ಚಕ್ರವರ್ತಿ.

ನಿಮ್ಮ ಪಕ್ಕದ ವಾಡಿಯ ಅಜ್ಜನನ್ನು ಮಾತಾಡಿಸಿ ಬನ್ನಿ. ಅವರು ಹೇಳಿದ ಕಥೆಯನ್ನು ನಮಗೂ ಬರೆದು ಕಳಿಸಿ.