ಸೈಕಲ್ ತೊಳೆದರು ಸರಿ, ರಕ್ತ ತೊಳೆದರಾ?

2024ರ ಜುಲೈ 14. ಫ್ರಾನ್ಸಿನ ಪಿರಿನೀಸ್ ಪರ್ವತಸಾಲು. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ 15ನೇ ಹಂತದ ಕೊನೆಯಲ್ಲಿ ಪ್ಲಾಟೊ ಡಿ ಬೇಯ್ ಅನ್ನೋ ಏರು. ಹತ್ತಿರಹತ್ತಿರ 16 ಕಿಲೋಮೀಟರ್. ಸ್ಲೊವೇನಿಯಾದ ತಡೈ ಪೊಗಾಚರ್ ಅದನ್ನು ಸುಮಾರು 40 ನಿಮಿಷದಲ್ಲಿ ಹತ್ತಿಬಿಟ್ಟ. ಇಟಲಿಯ ಮಾರ್ಕೊ ಪಂಟಾನಿ 1998ರಲ್ಲಿ ಹತ್ತಿದ್ದೇ ಅಲ್ಲಿಯವರೆಗಿನ ದಾಖಲೆ. ಅದು ಮೂರು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಪುಡಿಯಾಯ್ತು. ಅವತ್ತು ಎರಡನೆಯವನಾಗಿ ಬಂದ ಡೆನ್ಮಾರ್ಕಿನ ಯೋನಾಸ್ ವಿಂಗೆಗಾರ್ಡ್ ಕೂಡ ಪಂಟಾನಿಗಿಂತ ವೇಗವಾಗಿಯೇ ಹತ್ತಿದ್ದ.

ಚಪ್ಪಾಳೆ ಹೊಡೆಯಬೇಕಾದ ವಿಷಯ ತಾನೇ? ಆದರೆ ಚಪ್ಪಾಳೆಗಿಂತ ಮೊದಲು ಬಂದದ್ದು ಅನುಮಾನ. ಯಾಕೆ ಅಂದ್ರೆ, ಪಂಟಾನಿಯ 1998ರ ಮೂತ್ರದ ಮಾದರಿಯಲ್ಲಿ ಇಪಿಒ ಅನ್ನೋ ಉದ್ದೀಪನ ಮದ್ದು ಇತ್ತು ಅಂತ ಫ್ರಾನ್ಸಿನ ಸೆನೆಟ್ 2013ರಲ್ಲಿ ವರದಿ ಕೊಟ್ಟಿದೆ. ಮದ್ದು ತಗೊಂಡವನಿಗಿಂತ ಮದ್ದು ತಗೊಳ್ಳದವನು ವೇಗವಾಗಿ ಹತ್ತಿದ ಅಂದ್ರೆ ಜನ ನಂಬ್ತಾರಾ?

ಒಂದು ಮಾತು ಮೊದಲೇ ಸ್ಪಷ್ಟವಾಗಿ ಹೇಳಿಬಿಡ್ತೀನಿ. ಪೊಗಾಚರ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ. ಆತನ ವಿರುದ್ಧ ಒಂದು ಚೂರು ಸಾಕ್ಷ್ಯವೂ ಇಲ್ಲ. ನಾನು ಯಾರನ್ನೂ ಕಟಕಟೆಗೆ ನಿಲ್ಲಿಸುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಈ ಆಟ ನಿಜವಾಗಿಯೂ ಸ್ವಚ್ಛ ಆಗ್ತಿದೆಯಾ? ಆಗ್ತಿದ್ದರೆ ಅದು ನಮಗೆ ಗೊತ್ತಾಗೋದು ಹೇಗೆ?

ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಟೂರ್ ಡಿ ಫ್ರಾನ್ಸ್ ಶುರುವಾಗಿದ್ದು 1903ರಲ್ಲಿ. 1924ರಲ್ಲಿ ಪೆಲಿಸಿಯೆ ಸಹೋದರರು ರೇಸ್ ಬಿಟ್ಟು ಹೊರಬಂದು, ಆಲ್ಬರ್ಟ್ ಲೋಂಡ್ರ್ ಎಂಬ ಪತ್ರಕರ್ತನ ಎದುರು ತಮ್ಮ ಚೀಲ ಬಿಚ್ಚಿದರು. ಒಳಗಿದ್ದದ್ದು ಕೊಕೇನು, ಕ್ಲೋರೋಫಾರಮ್ಮು, ಮಾತ್ರೆಗಳು. ಮುಚ್ಚುಮರೆ ಏನೂ ಇರಲಿಲ್ಲ. ಅದು ತಪ್ಪು ಅಂತ ಹೇಳುವ ನಿಯಮವೇ ಇರಲಿಲ್ಲವಲ್ಲ! ಫ್ರಾನ್ಸ್ ಇದಕ್ಕೆ ಕಾನೂನು ಮಾಡಿದ್ದು 1965ರಲ್ಲಿ. ಮರುವರ್ಷ ಟೂರ್‌ನಲ್ಲಿ ಮೊದಲ ಸಲ ಪರೀಕ್ಷೆ ಮಾಡಿದಾಗ ಸವಾರರು ಏನು ಮಾಡಿದರು ಗೊತ್ತಾ? ಸೈಕಲ್‌ನಿಂದ ಇಳಿದು, ನಡೆದುಕೊಂಡು ಹೋಗಿ ಪ್ರತಿಭಟಿಸಿದರು. ಅದರ ಮುಂದಿನ ವರ್ಷ, 1967ರ ಜುಲೈ 13ರಂದು, ಬ್ರಿಟನ್ನಿನ ಟಾಮ್ ಸಿಂಪ್ಸನ್ ಮೋಂಟ್ ವೆಂಟು ಬೆಟ್ಟದ ಏರಿನಲ್ಲಿ ಕುಸಿದು ಬಿದ್ದು ಸತ್ತ. ವಯಸ್ಸು 29. ದೇಹದಲ್ಲಿ ಆಂಫೆಟಮೈನ್ ಇತ್ತು. ಜೆರ್ಸಿಯ ಜೇಬಿನಲ್ಲೂ ಅದೇ ಇತ್ತು.

ಅಲ್ಲಿಯವರೆಗೆ ಇದು ಆಯಾಸ ಮರೆಸುವ ಮಾತ್ರೆಗಳ ಕಾಲ. 1990ರ ದಶಕದಲ್ಲಿ ಬಂದದ್ದು ಬೇರೆಯದೇ ಕಥೆ. ಇಪಿಒ ನಮ್ಮ ಮೂತ್ರಪಿಂಡವೇ ತಯಾರಿಸುವ ಹಾರ್ಮೋನು. ಕೆಂಪು ರಕ್ತಕಣ ಹೆಚ್ಚಿಸು ಅಂತ ಮೂಳೆಮಜ್ಜೆಗೆ ಹೇಳೋದು ಅದರ ಕೆಲಸ. ಕಿಡ್ನಿ ಕೆಟ್ಟು ರಕ್ತ ಕಡಿಮೆಯಾದ ರೋಗಿಗಳಿಗೆ ಅಂತ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಅದು ಆರೋಗ್ಯವಂತ ಸವಾರನ ತೋಳಿಗೆ ಇಳಿಯಿತು. ಕೆಂಪು ಕಣ ಹೆಚ್ಚಾದರೆ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು. ಜೊತೆಗೆ ರಕ್ತವೂ ಮಂದ. ಅಂದ್ರೆ ಪ್ರಾಣಕ್ಕೇ ಅಪಾಯ.

ಆಗ ಇದನ್ನು ಪತ್ತೆ ಮಾಡುವ ಪರೀಕ್ಷೆ ಇರಲಿಲ್ಲ. ಹಾಗಾಗಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1997ರಲ್ಲಿ ಒಂದು ಗೆರೆ ಎಳೆಯಿತು. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇ 50 ದಾಟಿದರೆ ರೇಸ್‌ನಿಂದ ಹೊರಕ್ಕೆ. ಕೇಳೋಕೆ ಚೆನ್ನಾಗಿದೆ. ಆದರೆ ಸಾಮಾನ್ಯವಾಗಿ 42, 43 ಇರುವವನಿಗೆ ಇದು ಏನು ಹೇಳಿತು? 49ರವರೆಗೆ ಏರಿಸಿಕೊಳ್ಳಬಹುದು ಅಂತ! ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಶುಗರ್ ನೋಡಿಕೊಳ್ತಾರಲ್ಲ, ಹಾಗೆ ತಂಡಗಳು ಹೋಟೆಲ್ ಕೋಣೆಯಲ್ಲೇ ಸವಾರರ ರಕ್ತ ಅಳೆದುಕೊಂಡವು.

ಮುಂದಿನ ವರ್ಷ, 1998ರ ಜುಲೈ. ಗಡಿಯಾರ ಕಂಪನಿ ಫೆಸ್ಟಿನಾದ ತಂಡದಲ್ಲಿ ಸವಾರರಿಗೆ ಮಸಾಜ್ ಮಾಡುವ ವಿಲಿ ವೋಯೆ, ಬೆಲ್ಜಿಯಂನಿಂದ ಫ್ರಾನ್ಸಿಗೆ ಕಾರಿನಲ್ಲಿ ಬರುತ್ತಿದ್ದ. ಗಡಿಯಲ್ಲಿ ಕಸ್ಟಮ್ಸ್‌ನವರು ಕಾರು ತಡೆದರು. ಇನ್ನೂರಕ್ಕೂ ಹೆಚ್ಚು ಡೋಸ್ ಇಪಿಒ, ಗ್ರೋತ್ ಹಾರ್ಮೋನ್, ಟೆಸ್ಟೋಸ್ಟೆರಾನ್. ಕಾರಲ್ಲ, ಔಷಧಿ ಅಂಗಡಿ! ಇಡೀ ತಂಡ ಹೊರಕ್ಕೆ ಹೋಯ್ತು. ಪೊಲೀಸರು ಹೋಟೆಲ್‌ಗಳಿಗೆ ನುಗ್ಗಿದರು. 189 ಜನ ಶುರು ಮಾಡಿದ ರೇಸ್ ಮುಗಿಸಿದವರು ನೂರಕ್ಕೂ ಕಡಿಮೆ. ಆ ವರ್ಷ ಗೆದ್ದವನು ಯಾರು? ಅದೇ ಪಂಟಾನಿ. ಈ ಹಗರಣ ಕೊಟ್ಟ ಏಟಿಗೇ 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅಂದ್ರೆ ವಾಡಾ ಹುಟ್ಟಿತು.

ಇಲ್ಲಿ ಒಂದು ವಿಷಯ ಗಮನಿಸಿ. ಫೆಸ್ಟಿನಾವನ್ನು ಹಿಡಿದದ್ದು ಪ್ರಯೋಗಾಲಯ ಅಲ್ಲ, ಗಡಿಯಲ್ಲಿ ನಿಂತ ಕಸ್ಟಮ್ಸ್ ಸಿಬ್ಬಂದಿ. ಇದನ್ನು ನೆನಪಿನಲ್ಲಿಟ್ಟುಕೊಂಡು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕಥೆ ಕೇಳಿ.

ಕ್ಯಾನ್ಸರ್ ಗೆದ್ದು ಬಂದ ಅಮೆರಿಕನ್. 1999ರಿಂದ 2005ರವರೆಗೆ ಸತತ ಏಳು ಟೂರ್ ಗೆಲುವು. ನನ್ನನ್ನು ಲೆಕ್ಕವಿಲ್ಲದಷ್ಟು ಸಲ ಪರೀಕ್ಷೆ ಮಾಡಿದ್ದಾರೆ, ಒಮ್ಮೆಯೂ ಸಿಕ್ಕಿಬಿದ್ದಿಲ್ಲ ಅನ್ನೋದೇ ಆತನ ವಾದ. ಅದು ಪೂರ್ತಿ ನಿಜವೂ ಅಲ್ಲ. 1999ರಲ್ಲೇ ಆತನ ಮಾದರಿಯಲ್ಲಿ ಸ್ಟೀರಾಯ್ಡ್ ಕಂಡಿತ್ತು. ಹಿಂದಿನ ತಾರೀಕು ಹಾಕಿದ ವೈದ್ಯರ ಚೀಟಿಯೊಂದು ಪಾರು ಮಾಡಿತು. ಈ ಚೀಟಿಯ ಗುಟ್ಟು ಹೊರಹಾಕಿದ್ದು ಆತನ ತಂಡದಲ್ಲೇ ಮಸಾಜ್ ಮಾಡುತ್ತಿದ್ದ ಎಮ್ಮಾ ಓ'ರೈಲಿ. ಆಕೆಗೆ ಸಿಕ್ಕಿದ್ದೇನು? ಕೋರ್ಟ್ ಕೇಸು, ಚಾರಿತ್ರ್ಯಹರಣ.

ಕ್ರಿಸ್ಟೋಫ್ ಬಾಸೋನ್ ಅನ್ನೋ ಫ್ರೆಂಚ್ ಸವಾರ ಇದ್ದ. ಫೆಸ್ಟಿನಾ ತಂಡದಲ್ಲಿದ್ದೂ ಮದ್ದು ಮುಟ್ಟದವನು ಅಂತ ಆತನ ಸಹಸವಾರರೇ ಹೇಳಿದ್ದರು. 1999ರ ಟೂರ್‌ನಲ್ಲಿ ಪತ್ರಿಕೆಗೆ ಅಂಕಣ ಬರೆಯುತ್ತಾ, ಈ ವೇಗ ನಂಬೋದು ಕಷ್ಟ ಅಂದ. ರೇಸ್ ನಡೆಯುತ್ತಿರುವಾಗಲೇ ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದು, ಈ ಆಟ ಬಿಟ್ಟು ಮನೆಗೆ ಹೋಗು ಅಂದ. ಜೊತೆ ಸವಾರರು ಮಾತು ಬಿಟ್ಟರು. ಕೆಲವೇ ದಿನಗಳಲ್ಲಿ ಬಾಸೋನ್ ನಿಜವಾಗಿಯೂ ಮನೆಗೆ ಹೋದ.

2004ರಲ್ಲಿ ಇಟಲಿಯ ಫಿಲಿಪ್ಪೊ ಸಿಮಿಯೋನಿ ಕಥೆ ಇನ್ನೂ ಕೆಟ್ಟದ್ದು. ಆರ್ಮ್‌ಸ್ಟ್ರಾಂಗ್‌ಗೆ ಬೇಕಾದ ವೈದ್ಯನೊಬ್ಬನ ವಿರುದ್ಧ ಆತ ಸಾಕ್ಷಿ ಹೇಳಿದ್ದ. ಒಂದು ದಿನ ಆತ ಮುಂದಿನ ಗುಂಪು ಸೇರಲು ಹೊರಟ. ಹಳದಿ ಜೆರ್ಸಿ ತೊಟ್ಟ ಆರ್ಮ್‌ಸ್ಟ್ರಾಂಗ್ ಬೆನ್ನಟ್ಟಿ ಹೋಗಿ, ಆತ ವಾಪಸ್ ಬರುವಂತೆ ಮಾಡಿದ. ಆಮೇಲೆ ಟಿವಿ ಕ್ಯಾಮೆರಾ ಮುಂದೆಯೇ ತುಟಿಗೆ ಜಿಪ್ ಎಳೆಯುವ ಸನ್ನೆ ಮಾಡಿದ. ಜಗತ್ತೇ ನೋಡಿತು. ಬಾಯಿ ಮುಚ್ಚಿಕೊಂಡಿರಿ, ಇಲ್ಲಾಂದ್ರೆ ಇದೇ ಗತಿ ಅಂತ ಅದರ ಅರ್ಥ. ಎಷ್ಟು ಜನ ಕೇಳಿದರು ಅದರ ಬಗ್ಗೆ?

ಕೊನೆಗೆ ಆರ್ಮ್‌ಸ್ಟ್ರಾಂಗ್ ಬಿದ್ದದ್ದು ಹೇಗೆ? ಮೂತ್ರದ ಬಾಟಲಿಯಿಂದಲ್ಲ, ಮನುಷ್ಯರ ಬಾಯಿಂದ. ಹಳೆಯ ಜೊತೆಗಾರ ಫ್ಲಾಯ್ಡ್ ಲ್ಯಾಂಡಿಸ್ 2010ರಲ್ಲಿ ಬಾಯಿಬಿಟ್ಟ. ಅಮೆರಿಕದ ಮದ್ದು ತಡೆ ಸಂಸ್ಥೆಯ ಮುಂದೆ 26 ಜನ ಸಾಕ್ಷಿ ಹೇಳಿದರು. ಅವರಲ್ಲಿ 11 ಮಂದಿ ಆತನ ತಂಡದವರೇ. 2012ರ ಅಕ್ಟೋಬರ್‌ನಲ್ಲಿ ಏಳೂ ಪ್ರಶಸ್ತಿ ಹೋಯ್ತು. 2013ರ ಜನವರಿಯಲ್ಲಿ ಓಪ್ರಾ ವಿನ್‌ಫ್ರೆ ಎದುರು ಕೂತು ಒಪ್ಪಿಕೊಂಡ. ಆ ಏಳು ವರ್ಷಗಳ ವಿಜೇತರ ಜಾಗ ಇವತ್ತಿಗೂ ಖಾಲಿ. ಆ ಜಾಗಕ್ಕೆ ಯಾರನ್ನು ತರೋದು? ಹಿಂದೆ ಬಂದವರಲ್ಲೂ ಎಷ್ಟೋ ಮಂದಿ ಅದೇ ಮದ್ದಿನವರು!

ಈಗ ಇವತ್ತಿಗೆ ಬರೋಣ. ಏನೂ ಬದಲಾಗಿಲ್ಲ ಅಂದ್ರೆ ಅದು ಅನ್ಯಾಯದ ಮಾತು. 2008ರಿಂದ ಸೈಕ್ಲಿಂಗ್‌ನಲ್ಲಿ ಜೈವಿಕ ಪಾಸ್‌ಪೋರ್ಟ್ ಬಂದಿದೆ. ಇದನ್ನು ಬ್ಯಾಂಕ್ ಪಾಸ್‌ಬುಕ್ ಅಂದ್ಕೊಳ್ಳಿ. ಪ್ರತಿ ಸವಾರನ ರಕ್ತದ ಲೆಕ್ಕ ವರ್ಷಗಟ್ಟಲೆ ಬರೆದಿಡ್ತಾರೆ. 20 ಸಾವಿರ ಸಂಬಳದವನ ಖಾತೆಗೆ ಒಂದೇ ದಿನ ಹತ್ತು ಲಕ್ಷ ಬಿದ್ದರೆ ಬ್ಯಾಂಕಿನವರು ಕೇಳಲ್ವಾ? ಹಾಗೆ, ರಕ್ತದ ಅಂಕಿ ದಿಢೀರ್ ಏರಿದರೆ ಇಲ್ಲೂ ಕೇಳ್ತಾರೆ. ಯಾವ ಮದ್ದು ಅಂತ ಹುಡುಕುವ ಅಗತ್ಯವೇ ಇಲ್ಲ. ಇನ್ನು, ಸವಾರ ದಿನಕ್ಕೆ ಒಂದು ಗಂಟೆ ತಾನು ಎಲ್ಲಿ ಸಿಗ್ತೀನಿ ಅಂತ ಮೊದಲೇ ಬರೆದು ಕೊಡಬೇಕು. ಇವತ್ತಿನ ಮಾದರಿಯನ್ನು ಹತ್ತು ವರ್ಷದವರೆಗೆ ಇಟ್ಟು ಮತ್ತೆ ಪರೀಕ್ಷಿಸಬಹುದು. 2021ರಿಂದ ಪರೀಕ್ಷೆಯ ಹೊಣೆ ಒಕ್ಕೂಟದ ಕೈಯಿಂದ ಸ್ವತಂತ್ರ ಸಂಸ್ಥೆಯ ಕೈಗೆ ಹೋಗಿದೆ.

ಹಾಗಾದರೆ ಮುಗೀತಾ? ಇಲ್ಲ ಸ್ವಾಮೀ. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರ್ತಾರೆ. ಖಾತೆಗೆ ಹತ್ತು ಲಕ್ಷ ಒಟ್ಟಿಗೆ ಹಾಕಿದರೆ ತಾನೇ ಪ್ರಶ್ನೆ? ದಿನಕ್ಕೆ ಸಾವಿರ ಸಾವಿರ ಹಾಕಿದರೆ? ಇಪಿಒ ಅನ್ನು ಅತಿ ಸಣ್ಣ ಪ್ರಮಾಣದಲ್ಲಿ, ರಾತ್ರಿ ಪರೀಕ್ಷೆ ಇರದ ಹೊತ್ತು ನೋಡಿ ತಗೊಳ್ತಾರೆ ಅಂತ ಸೈಕ್ಲಿಂಗ್ ಒಕ್ಕೂಟವೇ ನೇಮಿಸಿದ ಆಯೋಗ 2015ರಲ್ಲಿ ಹೇಳಿತು. ಆ ವರದಿಯಲ್ಲೇ ಒಬ್ಬ ಸವಾರ ಶೇ 90ರಷ್ಟು ಜನ ಮದ್ದು ತಗೊಳ್ತಿದ್ದಾರೆ ಅಂದ. ಇನ್ನೊಬ್ಬ ಶೇ 20 ಅಂದ. ಒಳಗಿದ್ದವರಿಗೇ ಲೆಕ್ಕ ಗೊತ್ತಿಲ್ಲ!

2019ರ ಫೆಬ್ರುವರಿಯಲ್ಲಿ ಆಸ್ಟ್ರಿಯಾದ ಸೀಫೆಲ್ಡ್‌ನಲ್ಲಿ ಸ್ಕೀಯಿಂಗ್ ವಿಶ್ವಕೂಟದ ವೇಳೆ ಪೊಲೀಸ್ ದಾಳಿ ನಡೆಯಿತು. ಒಬ್ಬ ಸ್ಪರ್ಧಿ ತೋಳಿಗೆ ರಕ್ತದ ಸೂಜಿ ಚುಚ್ಚಿಕೊಂಡಿದ್ದಾಗಲೇ ಸಿಕ್ಕಿಬಿದ್ದ. ಜರ್ಮನಿಯ ಎರ್ಫರ್ಟ್‌ನ ವೈದ್ಯನೊಬ್ಬ ಆಟಗಾರರ ರಕ್ತವನ್ನೇ ತೆಗೆದಿಟ್ಟು, ಮತ್ತೆ ಏರಿಸುತ್ತಿದ್ದ. ಆತನ ಗಿರಾಕಿಗಳಲ್ಲಿ ವೃತ್ತಿಪರ ಸೈಕಲ್ ಸವಾರರೂ ಇದ್ದರು. 2021ರಲ್ಲಿ ವೈದ್ಯನಿಗೆ 4 ವರ್ಷ 10 ತಿಂಗಳು ಜೈಲಾಯ್ತು. ಇದು ಹೊರಬಂದದ್ದು ಹೇಗೆ? ಒಬ್ಬ ಸ್ಕೀ ಆಟಗಾರ ಜರ್ಮನ್ ಟಿವಿ ವಾಹಿನಿಯ ಸಾಕ್ಷ್ಯಚಿತ್ರದಲ್ಲಿ ಮಾತಾಡಿದ್ದರಿಂದ. ಮತ್ತೆ ಅದೇ ನೋಡಿ. ಬಾಯಿ ತೆರೆದಾಗಲೇ ಬಾಗಿಲು ತೆರೆದದ್ದು.

ಹಾಗಾದರೆ ವೇಗದ ಕಥೆ ಏನು? ವೇಗ ಹೆಚ್ಚಾಗಿರೋದು ನಿಜ. 2005ರಲ್ಲಿ ಆರ್ಮ್‌ಸ್ಟ್ರಾಂಗ್ ಗೆದ್ದಾಗ ಸರಾಸರಿ ಗಂಟೆಗೆ 41.6 ಕಿಲೋಮೀಟರ್. 2022ರಲ್ಲಿ ಅದು 42 ದಾಟಿತು. ಇದಕ್ಕೆ ಮದ್ದಲ್ಲದ ಕಾರಣಗಳೂ ಇವೆ. ಗಾಳಿ ಸೀಳುವ ಸೈಕಲ್, ಹಗುರ ಚಕ್ರ, ಒಳ್ಳೆಯ ಟೈರು, ಗಂಟೆಗೆ 120 ಗ್ರಾಂವರೆಗೆ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಇಳಿಸುವ ಅಭ್ಯಾಸ. ಇಷ್ಟರಿಂದಲೇ ಮೂರು ನಿಮಿಷ ಉಳಿಯುತ್ತಾ? ತಜ್ಞರಲ್ಲೇ ಜಗಳ ಇದೆ. ಗಡಿಯಾರ ಅನುಮಾನ ಹುಟ್ಟಿಸುತ್ತೆ, ತೀರ್ಪು ಕೊಡಲ್ಲ.

ಸಿಕ್ಕಿಬಿದ್ದವರ ಸಂಖ್ಯೆಯೂ ತೀರ್ಪು ಕೊಡಲ್ಲ. ನಮ್ಮ ದೇಶವನ್ನೇ ನೋಡಿ. ವಾಡಾ ಲೆಕ್ಕದಲ್ಲಿ 2023ರಲ್ಲಿ ಭಾರತದ 5606 ಮಾದರಿಗಳಲ್ಲಿ 213ರಲ್ಲಿ ಮದ್ದು ಕಂಡಿತು. ಅದೇ ವರ್ಷ ದೆಹಲಿಯ ಅಥ್ಲೆಟಿಕ್ಸ್ ಕೂಟಕ್ಕೆ ಪರೀಕ್ಷಕರು ಬಂದಿದ್ದಾರೆ ಅಂತ ಗೊತ್ತಾದದ್ದೇ, 100 ಮೀಟರ್ ಫೈನಲ್‌ನಲ್ಲಿ ಓಡಿದವನು ಒಬ್ಬನೇ! ಉಳಿದವರು ಯಾವ ಪಟ್ಟಿಯಲ್ಲೂ ಇಲ್ಲ. ಸಿಕ್ಕಿಬಿದ್ದವರು ಕಡಿಮೆ ಅಂದ ಮಾತ್ರಕ್ಕೆ ಆಟ ಸ್ವಚ್ಛ ಅಲ್ಲ. ಆರ್ಮ್‌ಸ್ಟ್ರಾಂಗ್ ಕಾಲದಲ್ಲೂ ಪಟ್ಟಿ ಸಣ್ಣದಾಗಿಯೇ ಇತ್ತು.

ಹಾಗಾದರೆ ಅಳೆಯೋದು ಹೇಗೆ? ನನ್ನ ಅಳತೆಗೋಲು ಇದು. ಸತ್ಯ ಹೇಳಿದವನಿಗೆ ಆ ಆಟದಲ್ಲಿ ಏನಾಗುತ್ತೆ? 1999ರಲ್ಲಿ ಬಾಸೋನ್ ಮನೆಗೆ ಹೋಗಬೇಕಾಯ್ತು. 2024ರಲ್ಲಿ ದೊಡ್ಡ ತಂಡಗಳು ಕಾರ್ಬನ್ ಮಾನಾಕ್ಸೈಡ್ ಉಸಿರಾಡುವ ಯಂತ್ರ ಬಳಸ್ತಿವೆ ಅಂತ ಪತ್ರಕರ್ತರು ಬರೆದರು. ರಕ್ತ ಅಳೆಯೋದಕ್ಕೆ ಅಷ್ಟೇ ಅಂತ ತಂಡಗಳು ಹೇಳಿದವು. ಆದರೆ ಅದನ್ನೇ ಪದೇ ಪದೇ ಉಸಿರಾಡಿದರೆ ರಕ್ತಕಣ ಹೆಚ್ಚಾಗಬಹುದು. 2025ರ ಫೆಬ್ರುವರಿಯಲ್ಲಿ ಒಕ್ಕೂಟ ಅಂಥ ಬಳಕೆಯನ್ನು ನಿಷೇಧಿಸಿತು. ಪ್ರಶ್ನೆ ಕೇಳಿದ್ದಕ್ಕೆ ಒಂದು ನಿಯಮ ಹುಟ್ಟಿತು. ಇದು ಸಣ್ಣ ಬದಲಾವಣೆ ಅಲ್ಲ.

ಹಾಗಾಗಿ ನನ್ನ ಉತ್ತರ ಇಷ್ಟು. 1990ರ ದಶಕಕ್ಕಿಂತ ಸೈಕ್ಲಿಂಗ್ ಸ್ವಚ್ಛವಾಗಿದೆ, ಹೌದು. ಆಗಿನ ಹಾಗೆ ಇಡೀ ತಂಡಕ್ಕೆ ಕಾರಿನಲ್ಲಿ ಮದ್ದು ತುಂಬಿಕೊಂಡು ಬರೋ ಧೈರ್ಯ ಇವತ್ತು ಸುಲಭಕ್ಕೆ ಯಾರಿಗೂ ಬರಲ್ಲ. ಆದರೆ ಸ್ವಚ್ಛ ಅಂತ ಸರ್ಟಿಫಿಕೇಟ್ ಕೊಡೋಕೆ ನಾನು ತಯಾರಿಲ್ಲ. ಕೊಡಿ ಅಂತ ಅವಸರ ಮಾಡುವವರನ್ನು ನಂಬೋಕೂ ತಯಾರಿಲ್ಲ. ಮುಂದಿನ ಜುಲೈನಲ್ಲಿ ಟೂರ್ ನೋಡುವಾಗ ಗೆದ್ದವನ ಗಡಿಯಾರ ಒಂದನ್ನೇ ನೋಡಬೇಡಿ. ಪತ್ರಕರ್ತರು ಗೆದ್ದವನನ್ನು ಕಷ್ಟದ ಪ್ರಶ್ನೆ ಕೇಳ್ತಿದ್ದಾರಾ, ಕೇಳಿದವರಿಗೆ ಉತ್ತರ ಸಿಗ್ತಿದೆಯಾ ಅಂತ ನೋಡಿ. ಮದ್ದಿನಿಂದ ಗೆದ್ದವನ ಹೆಸರು ಇವತ್ತಲ್ಲ ನಾಳೆ ಅಳಿಸಬಹುದು. ಮದ್ದು ಮುಟ್ಟದೆ 40ನೆಯವನಾಗಿ ಬಂದು, ಕೆಲಸ ಕಳೆದುಕೊಂಡು ಮನೆಗೆ ಹೋದವನ ಹೆಸರನ್ನು ಯಾರು ಎಲ್ಲಿ ಬರೀತಾರೆ ಹೇಳಿ?