ಅಜ್ಜನ ಕಿಸೆಯ ಚೀಟಿ: ಲಾಟ್ ನಂಬರಿನ ಕಥೆ

(1/5)
ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ದೋಸ್ತರೇ, ನಿಮ್ಮ ಮನ್ಯಾಗ ಯಾರಾದ್ರೂ ಒಮ್ಮೆ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಒಯ್ದಿರ್ತಾರ. ಅವರ ಕಿಸೆದಾಗಿನ ಚೀಟಿ ನೋಡೀರೇನು? ಹೆಸರು, ಚೀಲ ಎಷ್ಟು, ಮತ್ತ ಒಂದು ಲಾಟ್ ನಂಬರ್. ನಾನು ಬಿಕಾಂಗೆ ಬರೋತನಕ ಅದನ್ನ ಓದೇ ಇರಲಿಲ್ಲ.

ಹಿರೇಕೆರೂರಿನವರಿಗೆ ಇದು ಬೀಜದ ಪಾಕೀಟಿನಿಂದಲೇ ಗೊತ್ತು. ಬೀಜ ಹುಟ್ಟಲಿಲ್ಲ ಅಂದ್ರ ಪರಿಹಾರ ಕೇಳಾಕ ಮೊದಲು ತೋರಿಸೋದು ಪಾಕೀಟಿನ ಮ್ಯಾಲಿನ ಲಾಟ್ ನಂಬರೇ.

(2/5)
ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ 1966ರದ್ದು. ಕಂಪ್ಯೂಟರ್ ಬರೋಕ್ಕಿಂತ ಮೊದಲು ಖರೀದಿದಾರರು ಪ್ರತಿ ರಾಶಿ ನೋಡಿ, ಅದರ ನಂಬರಿನ ಮುಂದೆ ರೇಟು ಬರೆದು ಚೀಟಿ ಹಾಕ್ತಿದ್ರು. 2014ರಲ್ಲಿ ಕರ್ನಾಟಕ ಸರ್ಕಾರ ಎನ್‌ಸಿಡಿಇಎಕ್ಸ್ ಕಡೆಯವರ ಜೊತೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅನ್ನೋ ಕಂಪನಿ ಮಾಡಿತು. ಆಮೇಲೆ ಟೆಂಡರ್ ಪರದೆ ಮೇಲೆ ಬಂತು. ಕೇಂದ್ರದ ಇ-ನಾಮ್ ಬಂದಿದ್ದು ಅದಾದ ಮೇಲೆ, 2016ರ ಏಪ್ರಿಲ್‌ನಲ್ಲಿ.

ಆ ಪರದೆಯಲ್ಲಿ ರೈತ ಅಂದ್ರೆ ಒಂದು ಲಾಟ್ ಅಷ್ಟೇ. 2024ರ ಮಾರ್ಚ್ 11ರಂದು ರೇಟು ಬಿದ್ದಿದ್ದಕ್ಕೆ ಸಿಟ್ಟಾದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ಗಾಡಿಗಳಿಗೆ ಬೆಂಕಿ ಇಟ್ಟಿದ್ದು ನಿಮಗೆ ನೆನಪಿರಬೇಕು.

(3/5)
ಟೆಂಡರ್ ಆದಮೇಲೆ ಲಾಟ್ ಏನಾಗ್ತದ? ಹತ್ತು ಲಾಟ್ ಕೂಡಿ ಒಂದು ಖಾರದ ಪುಡಿ ಆಗ್ತದ. ಒಂದೇ ಲಾಟಿನಿಂದ ಪುಡಿ, ಬೀಜ, ತೊಟ್ಟು ಅಂತ ಮೂರು ಐಟಂ ಹೊರಬೀಳ್ತಾವ. ಕೊಂಡಿ ಕಡಿಯೋದು ಇಲ್ಲೇ.

ಕಡಿದ್ರೆ ಏನಾಗ್ತದ ಅಂತ ಜಗತ್ತು 2005ರಲ್ಲಿ ನೋಡಿತು. 2003ರಲ್ಲೇ ಫ್ರಾನ್ಸ್‌ನವರು ಭಾರತದಿಂದ ಬಂದ ಖಾರದ ಪುಡಿಯಲ್ಲಿ ಸುಡಾನ್-1 ಅನ್ನೋ ಕೆಂಪು ಬಣ್ಣ ಹಿಡಿದಿದ್ರು. ಅದು ತಿನ್ನೋ ಬಣ್ಣ ಅಲ್ಲ, ಕಾರ್ಖಾನೆಯದ್ದು. ಯುರೋಪು ಪರೀಕ್ಷೆ ಕಡ್ಡಾಯ ಮಾಡಿತು. ಆದ್ರೆ ಅದಕ್ಕೂ ಮೊದಲು, 2002ರಲ್ಲಿ ಹೋಗಿದ್ದ ಒಂದು ಪುಡಿ ಬ್ರಿಟನ್‌ನಲ್ಲಿ ವೂಸ್ಟರ್ ಸಾಸ್ ಆಗಿತ್ತು. ಆ ಸಾಸು ಸೂಪು, ಪೈ, ರೆಡಿಮೇಡ್ ಊಟ ಅಂತ ಎಲ್ಲೆಲ್ಲೋ ಸೇರಿತ್ತು. 2005ರ ಫೆಬ್ರುವರಿಯಲ್ಲಿ 400ಕ್ಕೂ ಹೆಚ್ಚು ಐಟಂ ಅಂಗಡಿಗಳಿಂದ ವಾಪಸ್ ಹೋದವು. ಒಂದು ಪುಡಿ, ನಾನೂರು ಐಟಂ!

ಆ ಪುಡಿ ಬ್ಯಾಡಗಿದು ಅಂತ ನಾ ಹೇಳ್ತಿಲ್ಲ. ಆದ್ರೆ ಹೊಟ್ಟೆ ಉರಿಯೋದು ಇದಕ್ಕೆ: ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣನೇ ಅದರ ಆಸ್ತಿ. 2011ರಲ್ಲಿ ಜಿಐ ಟ್ಯಾಗೂ ಸಿಕ್ಕೈತಿ. ಕಳ್ಳ ಬಣ್ಣ ಹಾಕಿದವರು ಕದಿಯೋದು ಆ ಹೆಸರನ್ನೇ.

(4/5)
ಈಗ ನನ್ನ ತಪ್ಪು. ಕಳೆದ ಬೇಸಿಗೆ ರಜೆಯಲ್ಲಿ ಒಂದು ಮಿಲ್‌ನಲ್ಲಿ ಎಂಟ್ರಿ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ಕಡ್ಡಿಗೆ ಬೇರೆ, ಡಬ್ಬಿಗೆ ಬೇರೆ ನಂಬರ್ 1ರಿಂದ ಶುರು. ಅಂದ್ರೆ 27 ಎರಡು! ಚೀಲದ ಮೇಲೆ ಬರೀ 27 ಅಂತ ಬರೆದಿತ್ತು, ನಾನೂ 27 ಅಂತ ಹೊಡೆದೆ, ಐಟಂ ಮಾತ್ರ ಕಡ್ಡಿ ಅಂತ ಆರಿಸಿದೆ. ಚೀಲ ಬಿಚ್ಚಿದ್ರೆ ಕಾಯಿ ಹಸಿ. ಕಡ್ಡಿ 27 ಸವಣೂರು ಕಡೆಯ ಒಬ್ಬ ಅಜ್ಜನದು ಅಂತ ಕಂಪ್ಯೂಟರ್ ಹೇಳಿತು. ದಲಾಲರಿಗೆ ಫೋನ್ ಹೋಯ್ತು, ಅಜ್ಜನ ರೊಕ್ಕ ನಿಂತಿತು.

ಮೂರನೇ ದಿನಕ್ಕೆ ಅಜ್ಜ ಬಂದ. ಬೈಯಲಿಲ್ಲ. ಚೀಟಿ ತೆಗೆದು ಟೇಬಲ್ ಮೇಲೆ ಇಟ್ಟ, ಚೀಲದಿಂದ ಒಂದು ಕಾಯಿ ಎತ್ತಿ ನನ್ನ ಕೈಗೆ ಕೊಟ್ಟ. "ತಮ್ಮಾ, ನಂದು ಕಡ್ಡಿ. ಇದು ನೋಡು, ಡಬ್ಬಿ." ಗಿಡ್ಡ, ದಪ್ಪ ಕಾಯಿ. ನಾ ಹಳ್ಳಿ ಹುಡುಗ ಆಗಿ ಒಂದ್ಸಲನೂ ಎದ್ದು ಹೋಗಿ ಚೀಲ ನೋಡಿರಲಿಲ್ಲ.

(5/5)
ಪರೀಕ್ಷೆಗೆ ಟ್ಯಾಲಿ ಓದೋ ಮಂದಿ ಗಮನಿಸ್ರಿ. 'ಮೇಂಟೇನ್ ಇನ್ ಬ್ಯಾಚಸ್' ಅಂತ ಯೆಸ್ ಕೊಟ್ಟ ಮೇಲೆ ಬ್ಯಾಚ್ ಇರೋದು ಐಟಂ ಒಳಗೆ. ಬರೀ ನಂಬರ್ ಯಾರನ್ನೂ ಗುರುತಿಸೋದಿಲ್ಲ, ಐಟಂ ಮತ್ತು ನಂಬರ್ ಎರಡೂ ಸೇರಿದ್ರೇ ಒಂದು ಗುರುತು. ಮ್ಯಾನುಫ್ಯಾಕ್ಚರಿಂಗ್ ಜರ್ನಲ್ ಹಾಕುವಾಗ ಒಳಗೆ ಹೋದ ಪ್ರತಿ ಬ್ಯಾಚ್, ಹೊರಗೆ ಬಂದ ಪ್ರತಿ ಬ್ಯಾಚ್ ಬರೀಬೇಕು. ಬ್ಯಾಸರ ಆಗ್ತದ, ಹೌದು. ನಾವು ಆಮೇಲೆ ಚೀಲದ ಮೇಲೆ ಬಣ್ಣದಲ್ಲಿ 'ಕ-27', 'ಡ-27' ಅಂತ ಬರೆಸಿದ್ವಿ. ಎರಡು ಅಕ್ಷರದ ಖರ್ಚು.

ಅಜ್ಜನ ರೊಕ್ಕ ನಾಲ್ಕು ದಿನ ತಡವಾಗಿ ಬಂತು. ಚೀಟಿ ಇಲ್ಲೇ ಇರಲಿ ಅಂದ್ರೆ ಆತ ಕೊಡಲಿಲ್ಲ, ಮಡಚಿ ಕಿಸೆಗೆ ಇಟ್ಕೊಂಡ.

ನಿಮ್ಮ ಮನ್ಯಾಗ ಹಳೇ ಪಟ್ಟಿ, ಚೀಟಿ ಇದ್ರೆ ಹೆಸರು ಮುಚ್ಚಿ ಫೋಟೋ ಕಳಿಸ್ರಿ. ಮುಂದಿನ ಸರಣಿ ಅದರ ಮ್ಯಾಲೆ.